ನೆರಳು ಗೆರೆ ಮುಟ್ಟಿದ ಮೇಲೆ

ಪಂಪಿನ ಬಗ್ಗೆ ಬರೆ ಅಂದರೆ ನಾನು ಊಟ ಬಿಟ್ಟು ಬರೆಯುತ್ತೇನೆ. ಹಿರಿಯೂರಿನ ಬಸ್‌ಸ್ಟ್ಯಾಂಡಿನ ಪಕ್ಕ ಮೋಟಾರ್ ರಿವೈಂಡಿಂಗ್ ಮಾಡುವ ಪುಟ್ಟ ಅಂಗಡಿ ನನ್ನದು. ಯಾರಾದರೂ ಸುಟ್ಟ ಮೋಟಾರ್ ತಂದರೆ ಅದು ಯಾಕೆ ಸುಟ್ಟಿತು ಅಂತ ಹೇಳದೆ ಅವರನ್ನು ಕಳಿಸಿದವನಲ್ಲ. ಬೇಡ ಅಂದರೂ ಹೇಳುತ್ತೇನೆ. ನನಗೆ ಯಾರೂ ಕಲಿಸಿದ್ದಲ್ಲ. ಹಳೆ ಮೋಟಾರುಗಳನ್ನು ಬಿಚ್ಚಿ, ತಂತಿ ಬಿಡಿಸಿ, ಮತ್ತೆ ಸುತ್ತಿ, ಕರೆಂಟ್ ಹೊಡೆಸಿಕೊಂಡು ಕಲಿತದ್ದು. ಆದರೆ ಈಗ ಬರೆಯಲು ಕೂತಿರುವುದು ಪಂಪಿನ ಬಗ್ಗೆ ಅಲ್ಲ, ನನ್ನ ಮಾತನ್ನು ಬೇಸರ ಇಲ್ಲದೆ ಕೇಳುತ್ತಿದ್ದ ಒಬ್ಬ ಹೆಂಗಸಿನ ಬಗ್ಗೆ. ಬೇಸರ ಇಲ್ಲದೆ ಅಂದೆನಲ್ಲ, ಅದು ತಪ್ಪು. ಅವಳಿಗೆ ಬೇಸರ ಆಗುತ್ತಿತ್ತು, ಆದರೂ ಕೇಳುತ್ತಿದ್ದಳು. ಈ ಬೇಸಿಗೆಯಲ್ಲಿ ತೀರಿಕೊಂಡಳು.

ಹೆಸರು ಬರೆಯುವುದಿಲ್ಲ. "ನನ್ನೆಸ್ರು ರೇಷನ್ ಕಾರ್ಡಿನಾಗೈತೆ, ಅಷ್ಟು ಸಾಕು" ಅನ್ನುತ್ತಿದ್ದವಳ ಹೆಸರನ್ನು ಪುಸ್ತಕದಲ್ಲಿ ಹಾಕಿದರೆ ಎಲ್ಲಿದ್ದರೂ ಬಂದು ಬೈದಾಳು. ಹರಿಯಬ್ಬೆ ಕಡೆಯ ನಮ್ಮ ಊರಿನಲ್ಲಿ ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ರಕ್ತಸಂಬಂಧ ಏನೂ ಇಲ್ಲ. ನಾನು ಅತ್ತೆ ಅನ್ನುತ್ತಿದ್ದೆ, ಅವಳು "ಲೇ ಬ್ಯಾಟ್ರಿ" ಅನ್ನುತ್ತಿದ್ದಳು. ಸಣ್ಣವನಿದ್ದಾಗ ಟಾರ್ಚಿನ ಸೆಲ್ಲುಗಳನ್ನು ಒಡೆದು ಕರಿ ಪುಡಿ ಮೈಗೆಲ್ಲ ಬಳಿದುಕೊಂಡಿದ್ದೆನಂತೆ, ಅದಕ್ಕೆ.

ಅತ್ತೆ ಎದುರಿಗೆ ನಿಂತವರ ಮುಖ ನೋಡುತ್ತಿರಲಿಲ್ಲ, ಮೊದಲು ಅವರ ನೆರಳು ನೋಡುತ್ತಿದ್ದಳು. ನೆರಳು ನೋಡಿ ಹೊತ್ತು ತಿಳಿದುಕೊಂಡು ಆಮೇಲೆ ಮಾತು. "ನಿನ್ನ ನೆಳ್ಳು ಗಿಡ್ಡ ಆಯ್ತಲ್ಲೋ, ಉಂಡ್ಯಾ?" ಇದು ಅವಳ ನಮಸ್ಕಾರ. ಒಂದು ಸಲ ಹಿರಿಯೂರಿಗೆ ಬಂದವಳು ನನ್ನ ಅಂಗಡಿ ಮುಂದೆ ಕೂತಿದ್ದಳು. ಸಿರಿಗೆರೆಗೆ ಓದಲು ಹೋಗುವ ಹುಡುಗರು ಟ್ರಂಕು ಹಿಡಿದು ಬಸ್ಸಿಗೆ ಕಾಯುತ್ತಿದ್ದರು. ಅಂಗಡಿಯಲ್ಲಿ ಗಡಿಯಾರ ಇದ್ದರೂ ಅತ್ತೆ ಲೈಟುಕಂಬದ ನೆರಳು ನೋಡಿ, "ನಿಮ್ಮ ಬಸ್ಸು ಇವತ್ತು ತಡ ಕಣ್ರೋ, ಕುಂತ್ಕಳ್ರಿ" ಅಂದಳು. ಬಸ್ಸು ತಡವಾಗಿಯೇ ಬಂತು. ಅದಕ್ಕೂ ನೆರಳಿಗೂ ಏನು ಸಂಬಂಧವೋ ಗೊತ್ತಿಲ್ಲ. ಬಸ್ಸು ದಿನಾ ತಡ.

ಅವಳಿಗೆ ಈ ಅಭ್ಯಾಸ ಬಂದದ್ದು ಬಾವಿಯಿಂದ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಅತ್ತೆಯ ಗಂಡ ಮತ್ತು ಅವನ ತಮ್ಮ ಪಾಲಾದಾಗ ಹೊಲ ಎರಡಾಯಿತು, ಕುರಿ ಎರಡಾದವು, ಬಾವಿಯನ್ನು ಎರಡು ಮಾಡಲು ಬರಲಿಲ್ಲ. ಊರಿನ ಹಿರಿಯರು ಹೊತ್ತನ್ನು ಎರಡು ಮಾಡಿದರು. ಕಪಿಲೆಯ ಗಾಲಿ ಕೂರಿಸಿದ ಕಲ್ಲುಕಂಬದ ಬುಡದಲ್ಲಿ ಒಂದು ಚಪ್ಪಡಿ ಇತ್ತು. ನಡು ಮಧ್ಯಾಹ್ನ ಕಂಬದ ನೆರಳು ಬೀಳುವ ಜಾಗದಲ್ಲಿ ಆ ಚಪ್ಪಡಿಯ ಮೇಲೆ ಉಳಿಯಿಂದ ಒಂದು ಗೆರೆ ಹೊಡೆಸಿದರು. ಬೆಳಗಿನಿಂದ ನೆರಳು ಗೆರೆ ಮುಟ್ಟುವವರೆಗೆ ತಮ್ಮನ ಪಾಳಿ, ಗೆರೆ ಮುಟ್ಟಿದ ಮೇಲೆ ಅಣ್ಣನ ಪಾಳಿ. ಮಧ್ಯಾಹ್ನದ ಪಾಳಿಯನ್ನು ಅತ್ತೆಯೇ ಕೇಳಿ ತೆಗೆದುಕೊಂಡದ್ದು. ಬೆಳಗಿನ ಹೊತ್ತು ಮನೆ, ಹಟ್ಟಿ, ಕುರಿಮರಿ ಅಂತ ಅವಳಿಗೆ ಪುರುಸೊತ್ತು ಇರುತ್ತಿರಲಿಲ್ಲ.

ಗಂಡ ಬೇಗ ಸತ್ತ. ಒಬ್ಬಳೇ ಮಗಳನ್ನು ಹೊಳಲ್ಕೆರೆ ಕಡೆ ಕೊಟ್ಟಿದ್ದಳು. ಕಪಿಲೆಗೆ ಆಳು ಇಡು ಅಂತ ಎಲ್ಲರೂ ಹೇಳಿದರು. ಅತ್ತೆ ಸೀರೆ ಕಚ್ಚೆ ಹಾಕಿ ತಾನೇ ಎತ್ತು ಹೂಡಿದಳು. ಕಪಿಲೆ ನೋಡಿಲ್ಲದವರಿಗೆ ಹೇಳುತ್ತೇನೆ: ಬಾವಿಯ ದಡದಿಂದ ಹೊಲದ ಕಡೆಗೆ ಒಂದು ಇಳಿಜಾರು ಇರುತ್ತದೆ. ಎತ್ತುಗಳು ಹಗ್ಗ ಎಳೆಯುತ್ತ ಇಳಿದರೆ ಬಾವಿಯಿಂದ ದೊಡ್ಡ ಚರ್ಮದ ಚೀಲ ನೀರು ತುಂಬಿಕೊಂಡು ಮೇಲೆ ಬರುತ್ತದೆ, ಹಿಂದೆ ಹಿಂದೆ ನಡೆದು ಮೇಲೆ ಬಂದರೆ ಚೀಲ ಕೆಳಗೆ ಹೋಗುತ್ತದೆ. ಎತ್ತು ಇಳಿಯುವಾಗ ಹೊಡೆಯುವವನು ಹಗ್ಗದ ಮೇಲೆ ಕೂತು ಭಾರ ಹಾಕಬೇಕು. ಹೆಂಗಸೊಬ್ಬಳು ಹಗ್ಗದ ಮೇಲೆ ಕೂತದ್ದನ್ನು ನೋಡಿ ದಾರಿಯಲ್ಲಿ ಹೋಗುವವರು ನಿಲ್ಲುತ್ತಿದ್ದರು.

"ಏನಮ್ಮ, ಇದು ಗಂಡಸ್ರು ಕೂರಾ ಜಾಗ ಅಲ್ವಾ?" ಅಂತ ಒಬ್ಬ ಕೇಳಿದ.

"ಎತ್ತೇ ಕೇಳ್ಲಿಲ್ಲ ಕಣಪ್ಪ, ನೀನ್ಯಾಕೆ ಕೇಳ್ತೀಯಾ?" ಅಂದಳು. ಹಗ್ಗದಿಂದ ಇಳಿಯಲೂ ಇಲ್ಲ.

ಅದೇ ಬಾವಿಯಲ್ಲಿ ಅವಳು ನಮಗೆಲ್ಲ ಈಜು ಕಲಿಸಿದಳು. ಒಣಗಿದ ಸೋರೆಬುರುಡೆ ಎರಡನ್ನು ಹಗ್ಗದಲ್ಲಿ ಪೋಣಿಸಿ ನಮ್ಮ ಬೆನ್ನಿಗೆ ಕಟ್ಟುವುದು, "ಸತ್ರೆ ಹೇಳು" ಅಂತ ತಳ್ಳುವುದು, ಆಮೇಲೆ ತಾನೂ ಸೀರೆ ಸಮೇತ ಹಾರುವುದು. ಮೀನಿನ ಹಾಗೆ ಈಜುತ್ತಿದ್ದಳು. ಆಗ ನೀರು ಮೇಲಿನಿಂದ ಐದಾರು ಮೆಟ್ಟಿಲು ಇಳಿದರೆ ಸಿಗುತ್ತಿತ್ತು. ತಳ ಹೇಗಿದೆ ಅಂತ ಊರಿನಲ್ಲಿ ಯಾರೂ ನೋಡಿದವರಿರಲಿಲ್ಲ.

ಇಷ್ಟು ಹೇಳಿದರೆ ಅತ್ತೆ ಒಳ್ಳೆಯ ಮನಸ್ಸಿನ ಹೆಂಗಸು ಅಂತ ಅನ್ನಿಸಬಹುದು. ಗೆರೆಯ ವಿಷಯಕ್ಕೆ ಬಂದರೆ ಅವಳು ಕಲ್ಲು. ಒಂದು ವರ್ಷ ಮೈದುನನ ರಾಗಿ ಸಸಿಮಡಿ ಬಾಡುತ್ತಿತ್ತು. ಅವನ ಪಾಳಿ ಮುಗಿದಿತ್ತು, ಇನ್ನೊಂದು ಮೂಲೆ ನೆನೆಯಬೇಕಿತ್ತು.

"ಅತ್ಗೆಮ್ಮ, ಇನ್ನೊಂದು ನಾಕು ಚೀಲ ಎತ್ಕಂತೀನಿ ಕಣ್ರಿ. ಆಮ್ಯಾಕೆ ನಿಮ್ಗೆ ನಾಳೆ ಬಿಡ್ತೀನಿ."

ಅತ್ತೆ ಚಪ್ಪಡಿ ತೋರಿಸಿದಳು. "ಗೆರೆಗೆ ಕೇಳಪ್ಪ. ಅದು ಹ್ಞೂಂ ಅಂದ್ರೆ ಎತ್ಕ."

ಅವನು ನಕ್ಕ. ತಮಾಷೆ ಅಂದುಕೊಂಡ. ಅತ್ತೆ ಹೋಗಿ ಅವನ ಎತ್ತಿನ ನೊಗದಿಂದ ಹಗ್ಗ ಬಿಚ್ಚಿ, ತನ್ನ ಎತ್ತಿಗೆ ಕಟ್ಟಿದಳು. ಸಸಿಮಡಿಯ ಆ ಮೂಲೆ ಒಣಗಿತು. ಮೈದುನ ಒಂದು ತಿಂಗಳು ಮಾತು ಬಿಟ್ಟ, ಆಮೇಲೆ ತಾನೇ ಮಾತಾಡಿಸಿದ. ಅವನು ಹಾಗೆಯೇ. ನಗುತ್ತ ಬದುಕುವ ಮನುಷ್ಯ, ಸಿಟ್ಟು ಅವನಲ್ಲಿ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ಅತ್ತೆಯ ಹತ್ತಿರ ನಾನು ಕೇಳಿದೆ, ನಾಲ್ಕು ಚೀಲ ಕೊಟ್ಟಿದ್ದರೆ ಏನಾಗುತ್ತಿತ್ತು ಅಂತ.

"ಇವತ್ತು ನಾಕು ಚೀಲಕ್ಕೆ ಗೆರೆ ದಾಟಿದ್ರೆ ನಾಳೆ ಗೆರೆ ಅನ್ನಾದು ಬರೀ ಕಲ್ಲಿನ ಮ್ಯಾಲಿನ ಗೀರು ಕಣಲೇ. ಗಂಡನಿಲ್ದೋಳ್ಗೆ ಇರಾದು ಅದೊಂದೇ."

ಮೋಡದ ದಿನ ನೆರಳೇ ಬೀಳುತ್ತಿರಲಿಲ್ಲವಲ್ಲ, ಆಗ? ಆಗ ಅತ್ತೆ ಹೇಳಿದ್ದೇ ಹೊತ್ತು. ಮೈದುನ ಅದನ್ನು ಒಂದು ದಿನವೂ ಪ್ರಶ್ನಿಸಲಿಲ್ಲ. ಅವಳೂ ಒಂದು ಕ್ಷಣ ಮುಂಚೆ ಹೇಳಿದವಳಲ್ಲ. ಮೋಡದ ದಿನ ತನಗೇ ಸ್ವಲ್ಪ ಕಡಿಮೆ ಆಗುವ ಹಾಗೆ ಹೇಳುತ್ತಿದ್ದಳು ಅಂತ ನನ್ನ ಅನುಮಾನ.

ಈಗ ನನ್ನ ಹುಚ್ಚಿನ ಕಥೆ. ಚಿತ್ರದುರ್ಗದ ಲೈಬ್ರರಿಯಲ್ಲಿ ಒಂದು ಇಂಗ್ಲಿಷ್ ಪತ್ರಿಕೆ ಸಿಕ್ಕಿತ್ತು. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿದೆ. ಬಿಸಿಲು ಬಿದ್ದರೆ ಕರೆಂಟು ಹುಟ್ಟಿಸುವ ಬಿಲ್ಲೆಗಳಿವೆಯಂತೆ! ಆಕಾಶದಲ್ಲಿ ಸುತ್ತುವ ಉಪಗ್ರಹಗಳಿಗೆ ಅದನ್ನೇ ಹಚ್ಚುತ್ತಾರಂತೆ. ಅದರಿಂದ ನೀರನ್ನೂ ಎತ್ತಬಹುದಂತೆ. ಡೀಸೆಲ್ ಬೇಡ, ತಂತಿ ಬೇಡ, ಲೈನ್‌ಮನ್‌ಗೆ ಕಾಯುವುದು ಬೇಡ. ನಮ್ಮ ಹಿರಿಯೂರಿನಲ್ಲಿ ಬಿಸಿಲಿಗೆ ಬರವೇ? ನನಗೆ ನಿದ್ದೆ ಬರಲಿಲ್ಲ. ಬಿಲ್ಲೆ ನನಗೆಲ್ಲಿ ಸಿಗಬೇಕು? ಹಳೆಯ ಕೊಡೆಯೊಂದರ ಒಳಮೈಗೆಲ್ಲ ಒಡೆದ ಕನ್ನಡಿಯ ಚೂರು ಅಂಟಿಸಿ, ಬಿಸಿಲಿಗೆ ತಿರುಗಿಸಿ, ನಡುವೆ ಎಣ್ಣೆಯ ಡಬ್ಬಿಯಲ್ಲಿ ನೀರಿಟ್ಟು ಕುದಿಸಿದೆ. ಮುಚ್ಚಳದ ತೂತಿನಿಂದ ಬಂದ ಹಬೆ ಒಂದು ತಗಡಿನ ಚಕ್ರವನ್ನು ಗರಗರ ತಿರುಗಿಸಿತು. ಊರೆಲ್ಲ ಕರೆದೆ. ಬಂದವಳು ಅತ್ತೆ ಒಬ್ಬಳೇ.

ಕೊಡೆ ನೋಡಿದಳು. ಚಕ್ರ ನೋಡಿದಳು. ಕೊಡೆಯ ನೆರಳನ್ನೂ ನೋಡಿದಳು.

"ಇದು ನೀರೆತ್ತುತ್ತಾ?"

"ಇದಲ್ಲ ಅತ್ತೆ. ಮುಂದೆ ಬರುತ್ತೆ ನೋಡು, ಬಿಸಿಲು ಇರೋ ತನಕ ತಾನೇ ಓಡ್ತಾ ಇರುತ್ತೆ. ಖರ್ಚೇ ಇಲ್ಲ."

"ದಣಿಯಲ್ವಾ?"

"ಮಿಷನ್ ಎಲ್ಲಾದ್ರೂ ದಣಿಯುತ್ತಾ!"

"ಹಂಗಾರೆ ಅದನ್ನ ನಿಲ್ಸಾರು ಯಾರು?"

ನಾನು ಸ್ವಿಚ್ಚಿನ ಬಗ್ಗೆ ವಿವರಿಸಿದೆ. ಅವಳು ಕೇಳಿದ್ದು ಸ್ವಿಚ್ಚಿನ ಬಗ್ಗೆ ಅಲ್ಲ ಅಂತ ನನಗೆ ಆಗ ಗೊತ್ತಾಗಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೂ ಪೂರ್ತಿ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಮುಂದೆ ಹಾಗೆ ಮಾಡುತ್ತಿರಲಿಲ್ಲ.

ನಮ್ಮೂರಿಗೆ ಕರೆಂಟು ಬಂದ ಮಾರನೇ ವರ್ಷ ಮೈದುನ ಮೋಟಾರ್ ಹಾಕಿಸಲು ಹೊರಟ. ಚಿತ್ರದುರ್ಗದಿಂದ ಮೋಟಾರೂ, ಅದನ್ನು ಕೂರಿಸುವವರೂ ಬರುವವರಿದ್ದರು. ಆ ಹೊತ್ತಿಗೆ ಅತ್ತೆ ತನ್ನ ಹೊಲದಲ್ಲಿ ತೆಂಗಿನ ಸಸಿ ಹಾಕಿದ್ದಳು. ಮೊಣಕಾಲೆತ್ತರದ ಸಸಿಗಳು. ಬೇರು ಕೆಳಗಿಳಿದು ತಾವೇ ನೀರು ಹುಡುಕಿಕೊಳ್ಳುವವರೆಗೆ, ಇನ್ನೂ ಮೂರು ನಾಲ್ಕು ಬೇಸಿಗೆ, ಕೈಯಿಂದ ನೀರು ಕುಡಿಸಬೇಕು. "ಮಗಳು ತವರಿಗೆ ಬಂದ್ರೆ ಒಂದು ಎಳನೀರು ಕೆಡವಾಕೆ ಮರ ಇರ್ಬೇಕು" ಅನ್ನುವುದು ಅವಳ ಆಸೆ. ಬಹಳ ಸಣ್ಣ ಆಸೆ. ಆದರೆ ಪ್ರತಿ ಸಸಿಯ ಬುಡದಲ್ಲಿ ಕೂತು ಮಣ್ಣು ಹಿಚುಕಿ ನೋಡುವಾಗ ಅವಳ ಮುಖ ನೋಡಬೇಕಿತ್ತು.

ಅವಳಿಗೆ ಮೋಟಾರಿನ ಭಯ ಹತ್ತಿತು. ಎತ್ತಾದರೆ ದೂರದಿಂದ ಕಾಣುತ್ತದೆ, ಮೋಟಾರಾದರೆ ಒಂದು ಸ್ವಿಚ್ಚು. ತಾನು ಅತ್ತ ಹೋದಾಗ ತನ್ನ ಪಾಳಿಯಲ್ಲಿ ಒತ್ತಿಬಿಟ್ಟರೆ? ಬಾವಿಯ ಪಕ್ಕದ ಬೇವಿನ ಮರದ ಕೆಳಗೆ ಹಿರಿಯರನ್ನು ಸೇರಿಸಿದಳು. ನಾನೂ ಹೋದೆ. ನನ್ನನ್ನು ಯಾರೂ ಕರೆದಿರಲಿಲ್ಲ, ಪಂಪಿನ ಮಾತು ಅಂದರೆ ನಾನು ಇರಲೇಬೇಕಲ್ಲ!

ಹೊತ್ತಿನಲ್ಲಿ ಭಾಗ ಮಾಡಿದರೆ ಸಾಲದು, ನೀರಿನಲ್ಲಿ ಭಾಗ ಮಾಡಿ ಅಂತ ಹೇಳಿದೆ. ಎತ್ತು ಅರ್ಧ ದಿನದಲ್ಲಿ ಎತ್ತುವ ನೀರು ಬೇರೆ, ಮೋಟಾರು ಅರ್ಧ ದಿನದಲ್ಲಿ ಎತ್ತುವ ನೀರು ಬೇರೆ. ಬಾವಿಯ ಗೋಡೆಗೆ ಅರ್ಧ ನೀರಿನ ಮಟ್ಟದಲ್ಲಿ ಒಂದು ಗೂಟ ಹೊಡೆಯೋಣ. ನೀರಿನ ಮೇಲೆ ಒಂದು ಸೋರೆಬುರುಡೆ ತೇಲಿಬಿಟ್ಟು ಅದಕ್ಕೆ ತಂತಿ ಕಟ್ಟೋಣ. ಬುರುಡೆ ಗೂಟದ ಮಟ್ಟಕ್ಕೆ ಇಳಿದರೆ ತಂತಿ ಸ್ವಿಚ್ಚನ್ನು ಎಳೆದು ಮೋಟಾರ್ ತಾನೇ ನಿಲ್ಲುತ್ತದೆ. ನಾನು ಮಾಡಿಕೊಡುತ್ತೇನೆ!

ಮೈದುನ ತಲೆ ಕೆರೆದುಕೊಂಡ. "ಹಾಕ್ಲಿ ಬಿಡ್ರಿ, ನಂಗೇನು? ಹುಡ್ಗ ಆಸೆ ಪಡ್ತಾ ಅವ್ನೆ."

ಬೇಡ ಅಂದದ್ದು ಅತ್ತೆ.

"ನನ್ನ ಬುರುಡೆ ತಗಂಡೋಗಿ ಮೋಟಾರ್‌ಗೆ ಕಟ್ತೀಯೇನ್ಲೇ? ಅದಕ್ಕೂ ಈಜು ಕಲ್ಸಾಕಾ?" ಎಲ್ಲರೂ ನಕ್ಕರು. "ಆಸ್ಪತ್ರೆ ಔಷಧಿ ಬಾಟ್ಲಿಗೆ ಕಾಗ್ದ ಕತ್ರಿಸಿ ಅಂಟ್ಸಿರ್ತಾರಲ್ಲ, ಈಟು ಕುಡಿ ಆಟು ಕುಡಿ ಅಂತ, ಹಂಗೆ ಬಾವಿಗೆ ಗುರ್ತು ಹಾಕ್ತಾನಂತೆ. ನೋಡ್ರಪ್ಪ, ಬಾವಿ ಒಳಗಿನ ಗೂಟ ಯಾರ್ ಇಳ್ದು ನೋಡ್ತಾರೆ? ನೆಳ್ಳಾದ್ರೆ ತೊಟ್ಲ ಕೂಸಿಗೂ ಕಾಣ್ಸುತ್ತೆ. ನಿಮ್ಮ ಹಿರೀಕರು ಹೊಡ್ಸಿದ ಗೆರೆ. ನಂಗೆ ಗೆರೆನೇ ಬೇಕು."

ಮಾತು ಎಷ್ಟು ಚೆನ್ನಾಗಿತ್ತೆಂದರೆ ನನಗೂ ಹೌದಲ್ಲ ಅನ್ನಿಸಿತು. ಹಿರಿಯರು ಮೈದುನನ ಕೈಯನ್ನು ಚಪ್ಪಡಿಯ ಮೇಲೆ ಇಡಿಸಿದರು. ಅತ್ತೆ ಒಂದೊಂದೇ ಮಾತು ಹೇಳಿಕೊಟ್ಟಳು, ಅವನು ಹೇಳಿದ: ನೆರಳು ಗೆರೆ ಮುಟ್ಟಿದ ಮೇಲೆ ನನ್ನ ಮನೆಯವರು ಯಾರೂ ಈ ಬಾವಿಯ ನೀರು ಮುಟ್ಟಲ್ಲ. ಮಕ್ಕಳು ಮರಿ, ಆಳು ಕಾಳು, ಯಾರೂ ಅತ್ತ ಸುಳಿಯಲ್ಲ. ನಾನಿರುವವರೆಗೆ.

ಅವತ್ತು ಅತ್ತೆ ನಮ್ಮ ಮನೆಗೆ ಬಂದು ಅಮ್ಮನ ಹತ್ತಿರ ಕಾಫಿ ಮಾಡಿಸಿಕೊಂಡು ಕುಡಿದಳು. "ಮೋಟಾರ್‌ಗೆ ಮೂಗುದಾರ ಹಾಕಿದೀನಿ ಕಣಲೇ ಬ್ಯಾಟ್ರಿ" ಅಂದಳು. ಅಷ್ಟು ಖುಷಿಯಾಗಿ ಅವಳನ್ನು ನೋಡಿದ್ದು ಕಡಿಮೆ.

ಮೋಟಾರಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಸ್ವಿಚ್ ಹಾಕಿದ ದಿನ ನಾನು ಅಂಗಡಿಗೆ ಬೀಗ ಹಾಕಿ ಊರಿಗೆ ಹೋದೆ. ಪೈಪು ಒಂದು ಸಲ ಕೆಮ್ಮಿತು, ನಡುಗಿತು, ಆಮೇಲೆ ತೊಡೆಗಾತ್ರದ ನೀರು ದಬದಬ ಬಿತ್ತು. ಎಂಥ ಚೆಂದ! ನಾನು ಕುಣಿದೆ ಅಂತ ಈಗಲೂ ಹೇಳುತ್ತಾರೆ. ಅತ್ತೆಯೂ ಬಂದು ನೀರಿಗೆ ಕೈ ಒಡ್ಡಿದಳು. ರಭಸಕ್ಕೆ ಕೈ ಪಕ್ಕಕ್ಕೆ ಹೋಯಿತು.

"ಇದಕ್ಯಾಕಪ್ಪ ಇಷ್ಟು ಸಿಟ್ಟು?" ಅಂದಳು.

ನೆರಳು ಗೆರೆ ಮುಟ್ಟಿತು. ಮೈದುನ ಸ್ವಿಚ್ ತೆಗೆದ. ಒಂದು ಹನಿ ಹೆಚ್ಚಿಲ್ಲ. ಅತ್ತೆ ಎತ್ತು ಹೂಡಿದಳು.

ಮಳೆಗಾಲ ಏನೂ ಗೊತ್ತಾಗಲಿಲ್ಲ. ಬೇಸಿಗೆ ಬಂತು. ಎತ್ತಿನ ಕಪಿಲೆಯಲ್ಲಿ ಎತ್ತು ದಣಿಯುತ್ತದೆ, ನಿಲ್ಲುತ್ತದೆ, ಮೇವು ತಿನ್ನುತ್ತದೆ. ಆ ಹೊತ್ತಿನಲ್ಲಿ ಸೆಲೆ ತನ್ನಷ್ಟಕ್ಕೆ ಬಾವಿ ತುಂಬುತ್ತಿತ್ತು. ಮೋಟಾರು ಮೇವು ತಿನ್ನಲು ನಿಲ್ಲುವುದಿಲ್ಲ. ನೆರಳು ಗೆರೆ ಮುಟ್ಟುವ ಹೊತ್ತಿಗೆ ಬಾವಿಯ ತಳ ಕಾಣತೊಡಗಿತು. ನಾವು ಯಾರೂ ನೋಡಿರದ ತಳ. ಅದೇನು ದೊಡ್ಡ ರಹಸ್ಯ ಅಲ್ಲ, ಬರೀ ಕೆಸರು, ಕಲ್ಲು, ನಮ್ಮ ಕಾಲದಲ್ಲಿ ಕಳೆದುಹೋದ ಎರಡು ತಂಬಿಗೆ. ಸಂಜೆಯವರೆಗೆ ಅತ್ತೆ ಚೀಲ ಇಳಿಸಿದರೆ ಕೆಸರು ಬರುತ್ತಿತ್ತು. ರಾತ್ರಿಯೆಲ್ಲ ಬಾವಿ ತುಂಬುತ್ತಿತ್ತು, ಬೆಳಿಗ್ಗೆ ಮೋಟಾರು ಅದನ್ನೆಲ್ಲ ಎತ್ತುತ್ತಿತ್ತು. ಮೈದುನ ಮಾತು ತಪ್ಪಿರಲಿಲ್ಲ. ಅವನ ಪಾಳಿಯಲ್ಲಿ ಅವನು ಎತ್ತಿದ. ಅತ್ತೆಗೆ ಅವಳ ಪಾಳಿ ಪೂರ್ತಿ ಸಿಕ್ಕಿತು, ಅದರಲ್ಲಿ ನೀರು ಇರಲಿಲ್ಲ ಅಷ್ಟೇ.

ಮೊದಲು ಬಾಡಿದ್ದು ಬದುವಿನ ಹತ್ತಿರದ ಸಸಿ. ಅತ್ತೆ ಅದರ ಬುಡಕ್ಕೆ ಮುಸುರೆ ನೀರು, ಮುಖ ತೊಳೆದ ನೀರು, ಬಟ್ಟೆ ಹಿಂಡಿದ ನೀರು ಎಲ್ಲ ಹೊತ್ತು ಹಾಕಿದಳು. ಒಂದು ಸಸಿಗೆ ಆಗುವ ನೀರು ತೋಪಿಗೆ ಎಲ್ಲಿ ಆಗಬೇಕು?

ಒಂದು ದಿನ ಮೈದುನನೇ ಬಂದ. ನಾನು ಅಲ್ಲೇ ಅವಳ ಜಗುಲಿಯಲ್ಲಿದ್ದೆ.

"ಅತ್ಗೆಮ್ಮ, ಒಂದ್ಮಾತು. ಬೆಳಿಗ್ಗೆ ನೀವು ತಗಳ್ರಿ, ಮಧ್ಯಾಹ್ನದ ಮ್ಯಾಲೆ ನಾ ತಗಂತೀನಿ. ನಿಮ್ಮೆತ್ತು ಎಷ್ಟು ಎತ್ತಾವು? ಉಳಿದಿದ್ದು ನಂಗೆ ಸಾಕು."

ಇದಕ್ಕಿಂತ ಸರಿಯಾದ ಉಪಾಯ ನನಗೂ ಹೊಳೆದಿರಲಿಲ್ಲ. ನಾನು ಎದ್ದೇಬಿಟ್ಟೆ. "ಅತ್ತೆ, ಹ್ಞೂಂ ಅನ್ನು! ಬುರುಡೆನೂ ಬೇಡ ಗೂಟನೂ ಬೇಡ!"

ಅತ್ತೆ ಅವನ ನೆರಳನ್ನೇ ನೋಡುತ್ತಿದ್ದಳು.

"ಆಣೆ ಇಡ್ಸಿದೋಳು ನಾನು ಕಣಪ್ಪ. ನಿನ್ನ ರಾಗಿ ಒಣಗ್ದಾಗ ಗೆರೆ ಜರುಗಲಿಲ್ಲ. ಈಗ ನನ್ನ ತೆಂಗಿಗೆ ಜರುಗುಸ್ಲಾ?"

"ಅಯ್ಯೋ, ಅದ್ಯಾವ ಕಾಲದ ಮಾತ್ರಿ ಅದು! ನಾನು ಮರ್ತೀನಿ."

"ನಾನು ಮರ್ತಿಲ್ಲ."

ಅವನು ಹೋದ ಮೇಲೆ ನಾನು ಅವಳ ಜೊತೆ ಜಗಳ ಆಡಿದೆ. ಗೆರೆಗಿಂತ ಸಸಿ ದೊಡ್ಡದಲ್ಲವಾ ಅಂದೆ. ಏನೇನೋ ಅಂದೆ. ಅವಳು ಒಂದೇ ಮಾತು ಹೇಳಿದಳು: "ಇಷ್ಟು ವರ್ಷ ಊರಿನಾಗೆ ತಲೆ ಎತ್ಕಂಡು ಓಡಾಡಿದ್ದು ಆ ಗೆರೆ ಮ್ಯಾಲೆ. ಇನ್ನು ಮುಂದೆ ಅವ್ನ ದಯದ ಮ್ಯಾಲೆ ಓಡಾಡ್ಲಾ?" ಮೊಂಡುತನ ಅಂತ ಆಗ ಅನ್ನಿಸಿತು. ಈಗಲೂ ಅನ್ನಿಸುತ್ತದೆ. ಆದರೆ ಅವಳು ಆ ಹಗ್ಗದ ಮೇಲೆ ಕೂತ ಮೊದಲ ದಿನ ಊರೆಲ್ಲ ನಕ್ಕಾಗ ಅವಳನ್ನು ಕೂರಿಸಿದ್ದೂ ಅದೇ ಮೊಂಡುತನ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಸಾಡು ಅಂದರೆ ಆಗುತ್ತದೆಯೇ?

ಅವಳು ಪ್ರತಿ ಮಧ್ಯಾಹ್ನ ಎತ್ತು ಹೊಡೆದುಕೊಂಡು ಬಾವಿಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ನೀರಿಲ್ಲದ ಬಾವಿಯ ಇಳಿಜಾರಿನಲ್ಲಿ ಎತ್ತುಗಳು ಇಳಿಯುತ್ತಿದ್ದವು, ಹತ್ತುತ್ತಿದ್ದವು. ಗಾಲಿ ಕಿರುಗುಟ್ಟುವುದು ದೂರಕ್ಕೂ ಕೇಳುತ್ತಿತ್ತು. ಚೀಲ ಹಗುರವಾಗಿದ್ದರಿಂದ ಅವಳು ಹಗ್ಗದ ಮೇಲೆ ಕೂರಬೇಕಾದ ಅಗತ್ಯವೂ ಇರಲಿಲ್ಲ. ಆದರೂ ಕೂರುತ್ತಿದ್ದಳು. ಊರಿನ ಹುಡುಗರು "ಅಜ್ಜಿ ಗಾಳಿ ಎತ್ತುತ್ತೈತೆ" ಅಂತ ಆಡಿಕೊಂಡರು. ಅವಳಿಗೆ ಕೇಳಿಸುತ್ತಿತ್ತು. "ಗಾಳಿನಾದ್ರೂ ನಮ್ಮ ಪಾಳಿದು" ಅಂದಳಂತೆ.

ಮೈದುನನಿಗೂ ನೀರು ಸಾಲದೆ ಹೋಯಿತು. ಈ ವರ್ಷ ಬೇಸಿಗೆಗೆ ಮುಂಚೆ ಬಂಡೆಗೆ ಮದ್ದು ಇಟ್ಟು ಸಿಡಿಸಿ ಬಾವಿಯನ್ನು ಇನ್ನೂ ಆಳ ಮಾಡಿಸಿದ. ಹೇಳಿಯೇ ಮಾಡಿದ. ಅತ್ತೆ ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲೂ ಇಲ್ಲ. ಬಾವಿ ಆಳವಾದರೆ ಕಪಿಲೆಯ ಇಳಿಜಾರೂ ಅಷ್ಟೇ ಉದ್ದವಾಗಬೇಕು. ಎತ್ತು ನಡೆಯುವ ದೂರವೇ ಚೀಲ ಇಳಿಯುವ ಆಳ. ಅತ್ತೆಯ ಇಳಿಜಾರು ಮೈದುನನ ಹೊಲದ ಬದುವಿಗೆ ಬಂದು ನಿಲ್ಲುತ್ತಿತ್ತು. "ಬದ ಒಡ್ದು ನನ್ನ ಹೊಲ್ದಾಗೆ ಬಿಟ್ಕಳ್ರಿ ಎತ್ತ" ಅಂತ ಅವನು ಹೇಳಿದ. ಅತ್ತೆ ಎತ್ತುಗಳನ್ನು ಬದುವಿನ ಹತ್ತಿರವೇ ತಿರುಗಿಸಿದಳು. ಚೀಲ ಹೊಸ ಆಳದ ಅರ್ಧಕ್ಕೆ ಬಂದು ಗಾಳಿಯಲ್ಲಿ ನೇತಾಡುತ್ತಿತ್ತು.

ಆಮೇಲೆ ಅವಳು ಬಿಂದಿಗೆ ಹಿಡಿದು ತಾನೇ ಇಳಿಯಲು ಶುರು ಮಾಡಿದಳು. ಹಳೆ ಬಾವಿಯ ಗೋಡೆಯಲ್ಲಿ ಚಾಚಿದ ಕಲ್ಲಿನ ಮೆಟ್ಟಿಲುಗಳಿದ್ದವು. ಸಿಡಿಸಿದ ಜಾಗಕ್ಕೆ ಮೆಟ್ಟಿಲಿರಲಿಲ್ಲ. ಅಲ್ಲಿಂದ, ನೊಗದಿಂದ ಬಿಚ್ಚಿ ಕಂಬಕ್ಕೆ ಕಟ್ಟಿದ ಕಪಿಲೆಯ ಹಗ್ಗ ಹಿಡಿದು ಇಳಿಯುವುದು, ಸೆಲೆ ಜಿನುಗುವ ಬಿರುಕಿಗೆ ಬಿಂದಿಗೆ ಒಡ್ಡಿ ಕೂರುವುದು, ತುಂಬಿದ ಮೇಲೆ ಸೊಂಟಕ್ಕೆ ಕಟ್ಟಿಕೊಂಡು ಹತ್ತುವುದು. ಉಳಿದಿದ್ದ ಸಸಿಗಳಿಗೆ ಸರದಿಯ ಮೇಲೆ ಇವತ್ತು ಇದಕ್ಕೆ, ನಾಳೆ ಅದಕ್ಕೆ.

"ಬಿದ್ರೆ ಏನ್ ಮಾಡ್ತೀಯಾ ಅತ್ತೆ?" ಅಂದೆ.

"ಈಜ್ತೀನಿ" ಅಂದು ನಕ್ಕಳು.

ಬಿದ್ದಳು. ನನಗೆ ಸುದ್ದಿ ತಂದದ್ದು ನಮ್ಮೂರಿನ ಬಸ್ಸಿನ ಕಂಡಕ್ಟರು. ನಾನು ಹೋಗುವ ಹೊತ್ತಿಗೆ ಅವಳನ್ನು ಮೇಲೆ ತಂದು ಇಳಿಜಾರಿನ ತಲೆಯಲ್ಲಿ ಮಲಗಿಸಿದ್ದರು. ಹಿಂದಿನ ಸಂಜೆ ಎತ್ತುಗಳು ತಾವಾಗಿಯೇ ಹಟ್ಟಿಗೆ ಬಂದಾಗ ಜನ ಹುಡುಕಲು ಹೋಗಿದ್ದರು. ಹುಟ್ಟಿದಾಗಿನಿಂದ ಈಜುತ್ತಿದ್ದವಳು, ಊರಿನ ಮಕ್ಕಳಿಗೆಲ್ಲ ಈಜು ಕಲಿಸಿದವಳು, ಬಾವಿಗೆ ಬಿದ್ದು ಸತ್ತಿದ್ದಳು. ಸೀರೆ ನೆನೆದೇ ಇರಲಿಲ್ಲ.

ಮೈದುನ ತಲೆಯ ಮೇಲೆ ಟವೆಲ್ ಹಾಕಿಕೊಂಡು ಚಪ್ಪಡಿಯ ಪಕ್ಕ ಕೂತಿದ್ದ. ನಗುವ ಮನುಷ್ಯನ ಮುಖ ನಗುವಿಲ್ಲದೆ ಹೇಗಿರುತ್ತದೆ ಅಂತ ಅವತ್ತು ನೋಡಿದೆ.

"ನಾನು ಹೊಲ್ದಾಗೇ ಇದ್ನಲ್ಲೋ" ಅಂದ. "ಬಿಂದ್ಗೆ ಬಿದ್ದ ಸದ್ದಾಯ್ತು. ಕೇಳಿಸ್ತು ನಂಗೆ. ಬದುವಿನ ಗಂಟ ಓಡಿ ಬಂದೆ. ಇತ್ತ ನೋಡಿದ್ರೆ ನೆಳ್ಳು ಗೆರೆ ದಾಟೈತೆ. ಅತ್ಗೆಮ್ಮನ ಪಾಳಿ. ಹೋದ್ರೆ ಬೈತಾಳೆ ಅಂತ..." ಟವೆಲನ್ನು ಮುಖಕ್ಕೆ ಎಳೆದುಕೊಂಡು, "ವಾಪಸ್ ಹೋದೆ ಕಣೋ. ಹೋಗಿ ಕಳೆ ಕಿತ್ತೆ" ಅಂದ.

ಹೊಳಲ್ಕೆರೆಯಿಂದ ಮಗಳು ಬಂದಳು. ಕರ್ಮ ಮುಗಿಸಿ, ಎತ್ತುಗಳನ್ನು ಹೊಡೆದುಕೊಂಡು ಹೋದಳು. ಹೊಲದ ಮಾತು ಆಮೇಲೆ ನೋಡೋಣ ಅಂದಳು. ತೆಂಗಿನ ಸಸಿಗಳನ್ನು ಒಂದು ಸಲ ಸುತ್ತಿ ನೋಡಿದಳು. ತನಗಾಗಿ ಹಾಕಿದ್ದು ಅಂತ ಅವಳಿಗೆ ಗೊತ್ತಿತ್ತೋ ಇಲ್ಲವೋ.

ಬಿಸಿಲಿನ ಪಂಪು ಬರುತ್ತದೆ. ನನಗೆ ಅದರಲ್ಲಿ ಅನುಮಾನ ಇಲ್ಲ. ನನ್ನ ಕಾಲದಲ್ಲೇ ಬರುತ್ತದೆ, ನಮ್ಮ ಹಿರಿಯೂರಿಗೂ ಬರುತ್ತದೆ. ಆದರೆ ಈಗ ಅದರ ಚಿತ್ರ ಬರೆಯಲು ಕೂತರೆ ಕೈ ಮೊದಲು ಬರೆಯುವುದು ಬಿಲ್ಲೆಯನ್ನಲ್ಲ, ಮೋಟಾರನ್ನಲ್ಲ. ಬಾವಿಯ ನೀರಿನ ಮೇಲೆ ತೇಲುವ ಒಂದು ಸೋರೆಬುರುಡೆ. ಡೀಸೆಲ್ ಮುಗಿದರೆ ಇಂಜಿನ್ ನಿಲ್ಲುತ್ತದೆ, ದಣಿದರೆ ಎತ್ತು ನಿಲ್ಲುತ್ತದೆ. ಪುಕ್ಕಟೆ ಬಿಸಿಲಿನಲ್ಲಿ ಓಡುವುದನ್ನು ನಿಲ್ಲಿಸುವವರು ಯಾರು ಅಂತ ಅವಳು ಕೊಡೆಯ ಮುಂದೆ ನಿಂತು ಕೇಳಿದ್ದಳಲ್ಲ.

ಹೋದ ವಾರ ಮೈದುನ ಹೇಳಿಕಳಿಸಿದ. ಮೋಟಾರು ನೀರೆಳೆಯುತ್ತಿಲ್ಲ ಅಂತ. ಹೋಗಿ ನೋಡಿದರೆ ಪೈಪಿನ ತಳದಲ್ಲಿರುವ ಫುಟ್‌ವಾಲ್ವಿಗೆ ಕಸ ಸಿಕ್ಕಿತ್ತು. ತೆಗೆದು ಹಾಕಿದೆ. ಮೋಟಾರು ಓಡಿತು. ನಾನೂ ಅವನೂ ಬೇವಿನ ಕೆಳಗೆ ಕೂತೆವು. ಸ್ವಲ್ಪ ಹೊತ್ತಿನಲ್ಲಿ ಕಂಬದ ನೆರಳು ಚಪ್ಪಡಿಯ ಗೆರೆ ಮುಟ್ಟಿತು. ಅವನು ಎದ್ದು ಹೋಗಿ ಸ್ವಿಚ್ ತೆಗೆದ.

"ಯಾಕ್ ಮಾವ ನಿಲ್ಸಿದೆ?"

"ಪಾಳಿ ಮುಗೀತಲ್ಲ."

ಅತ್ತೆಯ ಹೊಲದಲ್ಲಿ ಉಳಿದಿದ್ದ ಸಸಿಗಳ ಗರಿ ತುದಿಯಿಂದ ಕಂದಾಗುತ್ತ ಬಂದಿತ್ತು. ನಡುವಿನ ಸುಳಿ ಇನ್ನೂ ಹಸಿರಾಗಿತ್ತು.

"ಈಗ ನೀರು ಎತ್ತಾರು ಯಾರು ಅವ್ರೆ? ಆ ಸಸಿಗಾದ್ರೂ ಒಂದು ಗಳಿಗೆ ಬಿಡು ಮಾವ. ಅವಳದೇ ಸಸಿ, ಅವಳದೇ ಪಾಳಿ."

"ನಾನು ಮುಟ್ಟಾಂಗಿಲ್ಲ. ನಾನಿರೋಗಂಟ ಅಂತ ಹೇಳ್ಸೌಳೆ. ಅವ್ಳಿರೋಗಂಟ ಅಂತ ಹೇಳ್ಸಿಲ್ಲ."

"ನಿನ್ನ ಬೆಳಗಿನ ಪಾಳಿನಾಗೆ ಬಿಡು ಹಂಗಾರೆ."

"ಬದುಕಿದ್ದಾಗ ಬ್ಯಾಡ ಅಂದ್ಲು ಕಣೋ. ಸತ್ಮ್ಯಾಲೆ ಕೊಟ್ಟು ಅವ್ಳನ್ನ ಸೋಲ್ಸ್ಲಾ?"

ನಾನು ಎದ್ದೆ. ಗಾಲಿಯ ಕಂಬಕ್ಕೆ ಒರಗಿಸಿದ್ದ ಹಗ್ಗದ ಬಕೆಟ್ಟು ಎತ್ತಿಕೊಂಡು ಬಾವಿಯ ಕಡೆ ಹೋದೆ.

"ಇಡಲೇ ಕೆಳಗೆ" ಅಂದ. ಕೂಗಲಿಲ್ಲ, ಮೆಲ್ಲಗೆ ಹೇಳಿದ. "ಇವತ್ತು ನಿನ್ನ ಕರ್ಸಿರಾದು ನಾನು. ಇವತ್ತು ನೀನೂ ನಮ್ಮನೆ ಆಳೇ."

ಬಕೆಟ್ಟು ಕೆಳಗಿಟ್ಟೆ. ಮೋಟಾರಿನ ಸದ್ದು ನಿಂತಿದ್ದರಿಂದ ಬಾವಿಯೊಳಗೆ ಸೆಲೆ ಬೀಳುವುದು ಸ್ಪಷ್ಟವಾಗಿ ಕೇಳುತ್ತಿತ್ತು. ಬಸ್ಸಿನ ಹೊತ್ತಾಗುವವರೆಗೆ ಅಲ್ಲೇ ಕೂತಿದ್ದೆ. ಕೆಳಗೆ ನೀರು ಏರುತ್ತಿತ್ತು. ಅತ್ತೆಯ ಸಸಿಗಳ ಕಡೆ ಹೋಗುವ ಕಾಲುವೆಯಲ್ಲಿ ಇರುವೆಗಳು ಸಾಲಾಗಿ ಹೋಗುತ್ತಿದ್ದವು.